ಮಹಿಳಾ ಮಂಡಲದಲ್ಲಿ ಯಾವ ಸಿನಿಮಾ ತೋರಿಸುವುದು?

ಪ್ರಶ್ನೆ: ಮೇಡಂ, ನಾವು ಉಡುಪಿ ಹತ್ತಿರದ ಒಂದು ಊರಿನ ಮಹಿಳಾ ಮಂಡಲದವರು. ಮಲ್ಲಿಗೆ ಕಟ್ಟುವವರು, ಬೀಡಿ ಕಟ್ಟುವವರು, ಇಬ್ಬರು ಟೀಚರ್, ಅಂಗನವಾಡಿಯವರು ಎಲ್ಲ ಸೇರಿ ನಲವತ್ತು ಜನ ಇದ್ದೇವೆ. ಹೆಂಗಸರ ಮೇಲಿನ ದೌರ್ಜನ್ಯದ ಬಗ್ಗೆ ತಿಂಗಳಿಗೊಂದು ಸಿನಿಮಾ ನೋಡಿ ಮಾತಾಡೋಣ ಅಂತ ಶುರು ಮಾಡಿದೆವು. ಮೊದಲನೇ ಸಲವೇ ಎಡವಟ್ಟಾಯಿತು. ಅತ್ಯಾಚಾರದ ದೃಶ್ಯ ಬಂದಾಗ ಒಬ್ಬರು ಎದ್ದು ಹೊರಗೆ ಹೋದರು. ಆಮೇಲೆ ಮಂಡಲಕ್ಕೇ ಬಂದಿಲ್ಲ. 'ಇಂಥದ್ದೆಲ್ಲ ಎಂತಕ್ಕೆ ತೋರಿಸುವುದು, ನಮ್ಮಲ್ಲಿ ಹಾಗೆಲ್ಲ ಇಲ್ಲ' ಅಂತ ಕೆಲವರು ಹೇಳುತ್ತಾರೆ. ಇಂಥ ಸಿನಿಮಾಗಳಿಂದ ನಿಜಕ್ಕೂ ಏನಾದರೂ ಆಗುತ್ತದಾ? ಯಾವುದನ್ನು ತೋರಿಸಬಹುದು? ಹೊರಗೆ ಹೋದವರನ್ನು ಮತ್ತೆ ಕರೆಯಬೇಕಾ?

ಉತ್ತರ: ನೀವು ತೋರಿಸಿದ್ದು ಯಾವ ಸಿನಿಮಾ ಅಂತ ಬರೆದಿಲ್ಲ. ಆದರೂ ಊಹಿಸಬಲ್ಲೆ. ಮೊದಲ ಅರ್ಧ ಗಂಟೆ ಹುಡುಗಿ ನಗುತ್ತಾ ಓಡಾಡುತ್ತಾಳೆ. ಆಮೇಲೆ ಆ ದೃಶ್ಯ. ಅಲ್ಲಿಂದ ಮುಂದೆ ಒಂದೂವರೆ ಗಂಟೆ ಅಣ್ಣನೋ, ಅಪ್ಪನೋ, ಪೊಲೀಸ್ ಆಫೀಸರೋ ತಪ್ಪು ಮಾಡಿದವರನ್ನು ಒಬ್ಬೊಬ್ಬರಾಗಿ ಹುಡುಕಿ ಕೊಲ್ಲುತ್ತಾನೆ. ಹುಡುಗಿ ಅಷ್ಟು ಹೊತ್ತಿಗೆ ಫೋಟೋ ಆಗಿ ಗೋಡೆ ಮೇಲೆ ಇರುತ್ತಾಳೆ. ಹೌದು ತಾನೆ?

ನಾನೂ ಇದೇ ತಪ್ಪು ಮಾಡಿದ್ದೇನೆ, ಅದೂ ಒಳ್ಳೆಯ ಸಿನಿಮಾ ಇಟ್ಟುಕೊಂಡು. ತೊಂಬತ್ತರ ದಶಕದ ಕೊನೆ. ಮಂಗಳೂರಿನ ಒಂದು ಹಾಲ್‌ನಲ್ಲಿ 'ಬ್ಯಾಂಡಿಟ್ ಕ್ವೀನ್' ತೋರಿಸಿದ್ದೆವು. ಶೇಖರ್ ಕಪೂರ್ 1994ರಲ್ಲಿ ಮಾಡಿದ್ದು, ಫೂಲನ್ ದೇವಿಯ ಕಥೆ. ಆ ದೃಶ್ಯ ಬಂದಾಗ ಹಿಂದಿನ ಸಾಲಿನಿಂದ ಒಂದು ಸಿಳ್ಳೆ ಕೇಳಿಸಿತು. ಒಂದೇ ಒಂದು. ಯಾರೂ ತಿರುಗಿ ನೋಡಲಿಲ್ಲ. ಪ್ರೊಜೆಕ್ಟರ್ ಪಕ್ಕ ನಿಂತಿದ್ದ ನನಗೆ ಹಾಲ್ ಪೂರ್ತಿ ಕಾಣುತ್ತಿತ್ತು. ಮುಂದೆ ಕೂತ ಹೆಂಗಸರ ಬೆನ್ನು ಸೆಟೆದುಕೊಂಡವು. ಇಬ್ಬರು ಸೆರಗು ಸರಿಮಾಡಿಕೊಂಡರು. ಪರದೆ ಮೇಲೆ ನಡೆಯುತ್ತಿದ್ದದ್ದಕ್ಕೆ ಇವರು ಇಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದಾರೆ! ಅವತ್ತಿನಿಂದ ಆ ಸಿನಿಮಾವನ್ನು ನಾನು ಯಾವ ಗುಂಪಿಗೂ ತೋರಿಸಿಲ್ಲ. ತನ್ನ ಮೇಲಿನ ಅತ್ಯಾಚಾರವನ್ನು ತನ್ನನ್ನು ಕೇಳದೆ ಹಾಗೆ ತೋರಿಸಿದ್ದಕ್ಕೆ ಫೂಲನ್ ದೇವಿಯೇ ಕೋರ್ಟಿಗೆ ಹೋಗಿದ್ದರು ಅನ್ನುವುದು ನಂತರ ಸರಿಯಾಗಿ ಅರ್ಥವಾಯಿತು. ಕೊನೆಗೆ ರಾಜಿಯಾಯಿತು, ಅದು ಬೇರೆ.

ಆಮೇಲೆ ಸಿನಿಮಾ ಆರಿಸುವಾಗ ನಾನು ಎರಡೇ ವಿಷಯ ನೋಡುತ್ತೇನೆ. ಕ್ಯಾಮೆರಾ ಯಾರ ಪಕ್ಕ ನಿಂತಿದೆ? ಮತ್ತು, ಆಗಬಾರದ್ದು ಆದ ಮೇಲೆ ಸಿನಿಮಾ ಎಷ್ಟು ಹೊತ್ತು ಅವಳ ಜೊತೆಗೇ ಇರುತ್ತದೆ? ಹೊಡೆಯುವವನ ಹೆಗಲ ಮೇಲಿಂದ ನೋಡಿದರೆ ನಾವೂ ಅವನ ಜೊತೆ ಸೇರಿದ ಹಾಗೆಯೇ. ಎರಡನೆಯದು ಇನ್ನೂ ಮುಖ್ಯ. ಮರುದಿನ ಬೆಳಿಗ್ಗೆ ಅವಳು ಬಾವಿಯಿಂದ ನೀರು ಸೇದಬೇಕಲ್ಲ, ಪಕ್ಕದ ಮನೆಯವರ ಮುಖ ನೋಡಬೇಕಲ್ಲ. ಅದನ್ನು ತೋರಿಸುವ ಧೈರ್ಯ ಇರುವ ಸಿನಿಮಾ ಕಡಿಮೆ.

ನಮ್ಮ ಭಾಷೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಉಂಟು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ', 1977. ಯು.ಆರ್. ಅನಂತಮೂರ್ತಿಯವರ ಕಥೆ. ಯಮುನಾ ಎಂಬ ಎಳೆಯ ವಿಧವೆ ಬಸಿರಾಗುತ್ತಾಳೆ. ಅಪ್ಪನೇ ವೇದಪಾಠ ಹೇಳಿಕೊಡುವವನು. ಊರು ಅವಳನ್ನು ಹೊರಗೆ ಹಾಕುತ್ತದೆ. ಬದುಕಿರುವಾಗಲೇ ಅಪ್ಪ ಅವಳ ಶ್ರಾದ್ಧ ಮಾಡುತ್ತಾನೆ. ಇಷ್ಟನ್ನೂ ನಾವು ನೋಡುವುದು ನಾಣಿ ಎಂಬ ಚಿಕ್ಕ ಹುಡುಗನ ಜೊತೆ. ಪಾಠಕ್ಕೆಂದು ಅವರ ಮನೆಯಲ್ಲಿರುವ ಹುಡುಗ ಅವನು. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಗರ್ಭ ತೆಗೆಸುವ ರಾತ್ರಿ ನಮಗೆ ಮುಟ್ಟುವುದು ಹುಡುಗನ ಹೆದರಿಕೆಯ ಮೂಲಕ. ಅವಳ ಮೈಯನ್ನು ನೋಡುವ ಅಧಿಕಾರ ನಮಗೆ ಸಿಗುವುದೇ ಇಲ್ಲ.

ಕೊನೆಯ ದೃಶ್ಯ ಹೇಳಿಬಿಡುತ್ತೇನೆ, ಹೇಳಿದರೆ ಕೆಡುವ ಸಿನಿಮಾ ಅಲ್ಲ ಇದು. ನಾಣಿಯನ್ನು ಅವನ ಅಪ್ಪ ಊರಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ದಾರಿಯಲ್ಲಿ ಮರದ ಕೆಳಗೆ ಯಮುನಾ ಕೂತಿದ್ದಾಳೆ. ತಲೆ ಬೋಳಿಸಿದ್ದಾರೆ. ಹುಡುಗ ನೋಡುತ್ತಾನೆ, ಅಪ್ಪನ ಜೊತೆ ಮುಂದೆ ಹೋಗಬೇಕು, ಹೋಗುತ್ತಾನೆ. ಅಷ್ಟೇ. ಒಂದು ಸಲ ಇದನ್ನು ತೋರಿಸಿ ಲೈಟ್ ಹಾಕಿದಾಗ ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ವಯಸ್ಸಾದವರು ಎದ್ದು, 'ನನ್ನ ಅಜ್ಜಿಯ ತಂಗಿ ಇದ್ದರು, ಕೆಂಪು ಸೀರೆ, ಊಟ ಒಂದೇ ಹೊತ್ತು. ನಾವು ಮಕ್ಕಳು ಅವರನ್ನು ಮುಟ್ಟಿ ಓಡುವ ಆಟ ಆಡುತ್ತಿದ್ದೆವು' ಅಂದರು. ಸುಮ್ನೆ ಕೂತರು. ಆ ದಿನದ ಚರ್ಚೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಜಾಸ್ತಿ ಏನು ಬೇಕಿತ್ತು?

ಈ ಸಿನಿಮಾ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ ಪಡೆಯಿತು. ಹಳೆಯ ಪ್ರತಿಗಳು ಹಾಳಾಗಿದ್ದವು. ಈಗ ರಿಪೇರಿ ಮಾಡಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿ ತೋರಿಸಿದರು. ಯೂಟ್ಯೂಬಿನ ಮಸುಕು ಪ್ರತಿ ಹಾಕಿ ಜನರ ಕಣ್ಣು ನೋಯಿಸಬೇಡಿ. ಇದೇ ಸಾಲಿನಲ್ಲಿ ಪ್ರೇಮಾ ಕಾರಂತರ 'ಫಣಿಯಮ್ಮ' (1983) ಉಂಟು, ಎಂ.ಕೆ. ಇಂದಿರಾ ಅವರ ಕಾದಂಬರಿ. ತಾನು ಬಾಲವಿಧವೆಯಾಗಿ ಎಲ್ಲವನ್ನೂ ನುಂಗಿಕೊಂಡ ಹೆಂಗಸು, ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ಚಿಕ್ಕ ವಿಧವೆಯ ಪರ ನಿಲ್ಲುತ್ತಾಳೆ. ಎರಡನ್ನೂ ಒಂದೇ ತಿಂಗಳು ತೋರಿಸಬೇಡಿ, ಭಾರವಾಗುತ್ತದೆ.

ಇನ್ನು 'ನಮ್ಮಲ್ಲಿ ಹಾಗೆಲ್ಲ ಇಲ್ಲ' ಅನ್ನುವವರ ವಿಷಯ. ಈ ಮಾತು ನಾನು ಕುಂದಾಪುರದಿಂದ ಉಳ್ಳಾಲದ ತನಕ ಕೇಳಿದ್ದೇನೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: 'ನಮ್ಮದು ಅಳಿಯಕಟ್ಟು ಮಾರಾಯ್ರೆ, ಇಲ್ಲಿ ಹೆಂಗಸೇ ಯಜಮಾನಿ.' ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು, ನಿಜ. ಆದರೆ ಅದರ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿ ಇತ್ತಲ್ಲ? ಮತ್ತೆ, ಅಳಿಯಕಟ್ಟು ಎಲ್ಲ ಜಾತಿಗೂ ಇರಲಿಲ್ಲ.

ಹಾಗೆ ಹೇಳುವವರಿಗೆ 'ಚೋಮನ ದುಡಿ' ತೋರಿಸಿ. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಎಲ್ಲರೂ ಚೋಮನ ನೆಲದ ಆಸೆಯ ಬಗ್ಗೆ ಮಾತಾಡುತ್ತಾರೆ. ನೀವು ಬೆಳ್ಳಿಯನ್ನು ನೋಡಿ ಅನ್ನಿ. ಅಪ್ಪನ ಸಾಲ ತೀರಿಸಲು ಘಟ್ಟದ ತೋಟಕ್ಕೆ ಹೋದ ಮಗಳು. ಅಲ್ಲಿ ಅಧಿಕಾರ ಇರುವವರು ಅವಳನ್ನು ಬಳಸಿಕೊಳ್ಳುತ್ತಾರೆ. ಬಡತನ, ಜಾತಿ, ಹೆಣ್ಣಾಗಿರುವುದು ಮೂರೂ ಸೇರಿ ಒಬ್ಬಳ ಮೇಲೆ ಹೇಗೆ ಬೀಳುತ್ತವೆ ಅನ್ನುವುದಕ್ಕೆ ಭಾಷಣವೇ ಬೇಡ. ಇದು ನಮ್ಮ ತುಳುನಾಡಿನದೇ ಕಥೆ, ಹೊರಗಿನದ್ದಲ್ಲ.

ಹಳೆಯದು ಅಂದರೆ ಹೊಸದನ್ನು ನೆನಪು ಮಾಡಿ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಿಂದ ಹುಡುಗಿಯರನ್ನು ಹೊಡೆದು ಓಡಿಸಿದ್ದು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇ ಮೇಲೆ ದಾಳಿ ಆಯಿತು. ಎರಡೂ ಸಲ ಕ್ಯಾಮೆರಾ ಅಲ್ಲೇ ಇತ್ತು. ಹುಡುಗಿಯರ ಮುಖ ಗಂಟೆಗೆ ಹತ್ತು ಸಲ ತೋರಿಸಿದರು. ಆ ದೃಶ್ಯ ನೋಡಿದವರಲ್ಲಿ ಎಷ್ಟು ಜನ ಹೊಡೆದವನ ಬಗ್ಗೆ ಮಾತಾಡಿದರು, ಎಷ್ಟು ಜನ ಹುಡುಗಿಯ ಬಟ್ಟೆಯ ಬಗ್ಗೆ ಮಾತಾಡಿದರು? ನಿಮ್ಮ ಮಂಡಲದಲ್ಲೇ ಕೇಳಿ ನೋಡಿ.

ನಮ್ಮ ಕರಾವಳಿಯದ್ದೇ ಸಿನಿಮಾ ಬೇಕೆಂದರೆ ನನ್ನ ಮೊದಲ ಆಯ್ಕೆ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008). ಕುಂದಾಪುರ ಕಡೆಯ ಮೀನುಗಾರರ ಊರು. ಮೂಲ ವೈದೇಹಿಯವರ ಕಥೆ. ಕಥೆಯಲ್ಲಿ ಟಾಕೀಸು, ಸಿನಿಮಾದಲ್ಲಿ ಟಿ.ವಿ. ಗುಲಾಬಿ ಒಬ್ಬ ಬ್ಯಾರಿ, ಅಂದರೆ ಕರಾವಳಿಯ ಮುಸ್ಲಿಂ ಸಮುದಾಯದ, ಸೂಲಗಿತ್ತಿ. ಗಂಡ ಬಿಟ್ಟುಹೋಗಿದ್ದಾನೆ. ಸಿನಿಮಾ ಹುಚ್ಚು ಅವಳಿಗೆ. ದೊಡ್ಡ ಮನೆಯ ಹೆರಿಗೆ ಮಾಡಿಸಿದ್ದಕ್ಕೆ ಟಿ.ವಿ.ಯೂ ಡಿಶ್ಶೂ ಸಿಗುತ್ತವೆ. ಮಧ್ಯಾಹ್ನ ಹೆಂಗಸರೆಲ್ಲ ಅವಳ ಗುಡಿಸಲಿಗೆ ಬರತೊಡಗುತ್ತಾರೆ. ಅವಳ ಮನೆಯ ಹೊಸ್ತಿಲು ದಾಟದಿದ್ದವರೂ ಬರುತ್ತಾರೆ. ಕಾರ್ಗಿಲ್ ಯುದ್ಧದ ಸಮಯ. ಊರಿನ ಗಾಳಿ ಬದಲಾಗುತ್ತದೆ. ಪಕ್ಕದ ಮನೆಯ ಹುಡುಗಿ ಕಾಣೆಯಾದಾಗ ಬೆರಳು ಗುಲಾಬಿಯತ್ತ ತಿರುಗುತ್ತದೆ. ಇಲ್ಲಿ ಅತ್ಯಾಚಾರ ಇಲ್ಲ, ಕೊಲೆ ಇಲ್ಲ. ಒಬ್ಬಳನ್ನು ದೋಣಿ ಹತ್ತಿಸಿ ಊರಿನಿಂದ ಕಳಿಸಿಬಿಡುತ್ತಾರೆ. ಉಮಾಶ್ರೀಯವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಟಿ.ವಿ. ಪರದೆಯ ಬೆಳಕು ಅವರ ಮುಖದ ಮೇಲೆ ಬೀಳುವಾಗ ನೋಡಿ. ಐವತ್ತು ದಾಟಿದ ಹೆಂಗಸಿನ ಮುಖದಲ್ಲಿ ಮಗುವಿನ ಆಸೆ.

ಈ ಸಿನಿಮಾ ತೋರಿಸಿದ ಮೇಲೆ ಚರ್ಚೆ ಸುಲಭವಾಗಿ ಇರುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಹೆಂಗಸು ಅಂದಕೂಡಲೇ ಎಲ್ಲರೂ ಒಂದಾಗುವುದಿಲ್ಲ. ಆ ಗುಡಿಸಲಿನಲ್ಲಿ ಕೂತು ಧಾರಾವಾಹಿ ನೋಡಿದವರೇ ಕೊನೆಗೆ ಸುಮ್ಮನಿರುತ್ತಾರೆ. ನಿಮ್ಮ ಮಂಡಲದಲ್ಲಿ ಬ್ಯಾರಿ ಹೆಂಗಸರು, ಕ್ರಿಶ್ಚಿಯನ್ ಹೆಂಗಸರು ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ, ಅಲ್ಲಿಂದ ಮಾತು ಶುರು ಮಾಡಬಹುದು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಬಂದ 'ಹಸೀನಾ' (2004) ಕೂಡ ಇದರ ಜೊತೆ ಇಟ್ಟುಕೊಳ್ಳಿ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟ ಹೆಂಗಸು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ತಾರಾ ಅವರ ಅಭಿನಯ. ಒಂದು ಎಚ್ಚರಿಕೆ: 'ನೋಡಿ, ಅವರಲ್ಲಿ ಹೀಗೆ' ಅಂತ ಯಾರಾದರೂ ಶುರು ಮಾಡಿದರೆ ಆ ಹೊತ್ತಿಗೆ 'ಘಟಶ್ರಾದ್ಧ' ನೋಡಿ ಮುಗಿದಿರಲಿ.

ಈಗ ಸಣ್ಣ ಹಿಂಸೆಯ ವಿಷಯ. ಸಣ್ಣದು ಅಂತ ನಾವೇ ಹೆಸರಿಟ್ಟದ್ದು. ಅನುಭವ್ ಸಿನ್ಹಾರ 'ಥಪ್ಪಡ್' (2020) ಹಿಂದಿ ಸಿನಿಮಾ. ಪಾರ್ಟಿಯಲ್ಲಿ ಎಲ್ಲರ ಎದುರು ಗಂಡ ಒಂದು ಏಟು ಹೊಡೆಯುತ್ತಾನೆ. ಒಂದೇ ಏಟು. ಹೆಂಡತಿ ವಿಚ್ಛೇದನ ಕೇಳುತ್ತಾಳೆ. ಇದನ್ನು ತೋರಿಸಿದ ಕಡೆಯಲ್ಲೆಲ್ಲ ಕೈ ಎತ್ತಿ ಕೇಳುವವರು ಇದ್ದೇ ಇರುತ್ತಾರೆ: 'ಒಂದು ಏಟಿಗೆ ಸಂಸಾರ ಬಿಡುವುದಾ?'

ನಾನು ಆಗ ಸಿರಿಯ ಪಾಡ್ದನ, ಅಂದರೆ ತುಳುವಿನ ಹಾಡುಕಥೆ, ಹೇಳುತ್ತೇನೆ. ಕಾಂತು ಪೂಂಜ ಬಸುರಿ ಹೆಂಡತಿ ಸಿರಿಯ ಬಯಕೆಗೆಂದು ಸೀರೆ ತರುತ್ತಾನೆ. ದಾರಿಯಲ್ಲಿ ಅದನ್ನು ತನ್ನ ಸೂಳೆ ಸಿದ್ದುವಿಗೆ ಉಡಿಸಿ ಆಮೇಲೆ ಮನೆಗೆ ತರುತ್ತಾನೆ. ಸಿರಿ ಆ ಸೀರೆ ಮುಟ್ಟುವುದಿಲ್ಲ. ತುಂಬಿದ ಸಭೆಯಲ್ಲಿ ಬೇಡ ಅನ್ನುತ್ತಾಳೆ. ಮುಂದೆ ಅಜ್ಜನ ಆಸ್ತಿಯ ವಿಷಯದಲ್ಲೂ ಅನ್ಯಾಯವಾದಾಗ ಗಂಡನನ್ನೂ ಅರಮನೆಯನ್ನೂ ಬಿಟ್ಟು, ತೊಟ್ಟಿಲ ಮಗುವಿನ ಜೊತೆ ಹೊರಟುಬಿಡುತ್ತಾಳೆ. ಇನ್ನೊಂದು ಮದುವೆಯನ್ನೂ ಆಗುತ್ತಾಳೆ. ಒಂದು ಸೀರೆ ತಾನೆ? ಹಿರಿಯಡಕದಲ್ಲಿ, ನಂದಳಿಕೆಯಲ್ಲಿ, ಕವತ್ತಾರಿನಲ್ಲಿ ಸಿರಿ ಜಾತ್ರೆಗೆ ಹೋಗಿ ಕೈಮುಗಿಯುವವರು ಥಪ್ಪಡ್ ನೋಡಿ 'ಇದು ಅತಿಯಾಯಿತು' ಅನ್ನುವುದು ನನಗೆ ಯಾವತ್ತೂ ಅರ್ಥವಾಗಿಲ್ಲ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನ ಅಚ್ಚಿನಲ್ಲಿ 15,683 ಸಾಲು ಉಂಟು. ಅಷ್ಟು ಉದ್ದಕ್ಕೆ ನಮ್ಮವರು ಹಾಡಿದ್ದು ಗಂಡನನ್ನು ಬಿಟ್ಟು ಬಂದ ಹೆಣ್ಣಿನ ಕಥೆಯನ್ನು.

ಕಾನೂನೂ ಇಲ್ಲಿ ಸಿರಿಯ ಪರವೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಹೊಡೆತ ಒಂದೇ ದೌರ್ಜನ್ಯವಲ್ಲ. ಹೀಯಾಳಿಸುವುದು, ಖರ್ಚಿಗೆ ಹಣ ಕೊಡದೆ ಕೂರಿಸುವುದು, ಅವಳ ಚಿನ್ನ ಅವಳಿಗೆ ಕೊಡದಿರುವುದು ಎಲ್ಲ ಅದರೊಳಗೆ ಬರುತ್ತದೆ.

'ದಿ ಗ್ರೇಟ್ ಇಂಡಿಯನ್ ಕಿಚನ್' (2021) ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಜಿಯೋ ಬೇಬಿಯವರ ಮಲಯಾಳಂ ಸಿನಿಮಾ, 100 ನಿಮಿಷ. ಮಾತು ಕಡಿಮೆ, ಹಾಗಾಗಿ ಭಾಷೆ ಅಡ್ಡ ಬರುವುದಿಲ್ಲ. ತೆಂಗಿನಕಾಯಿ ತುರಿ, ಕಲ್ಲಿನಲ್ಲಿ ಅರೆದ ಚಟ್ನಿಯೇ ಬೇಕೆನ್ನುವ ಮಾವ, ಕುಕ್ಕರ್ ಅನ್ನ ಸೇರದು, ಒಲೆಯ ಅನ್ನವೇ ಆಗಬೇಕು. ತಿಂದ ತಟ್ಟೆಯ ಸುತ್ತ ಉಗಿದ ಎಲುಬು, ನುಗ್ಗೆಯ ಸಿಪ್ಪೆ. ಸೋರುವ ಸಿಂಕ್ ಪೈಪು, ಕೆಳಗೆ ಇಟ್ಟ ಬಕೆಟ್ಟು. ಅವಳು ರಿಪೇರಿಗೆ ಹೇಳುತ್ತಲೇ ಇರುತ್ತಾಳೆ, ಗಂಡ ಮರೆಯುತ್ತಲೇ ಇರುತ್ತಾನೆ. ಯಾರೂ ಕೈ ಎತ್ತುವುದಿಲ್ಲ ಇಲ್ಲಿ. ತೋರಿಸುವಾಗ ಗಂಡಸರನ್ನೂ ಕರೆಯಿರಿ. ಹೆಂಗಸರು ಯಾವ ದೃಶ್ಯಕ್ಕೆ ನಗುತ್ತಾರೆ, ಗಂಡಸರು ಯಾವಾಗ ಕುರ್ಚಿಯಲ್ಲಿ ಮಿಸುಕಾಡುತ್ತಾರೆ ಅಂತ ನೋಡುವುದೇ ಒಂದು ಚಂದ.

ಇವೆಲ್ಲದರ ನಡುವೆ ಹುರುಪು ಬರುವ ಒಂದು ಬೇಕಲ್ವಾ? ಕೇತನ್ ಮೆಹ್ತಾರ 'ಮಿರ್ಚ್ ಮಸಾಲಾ' (1987). ಬ್ರಿಟಿಷರ ಕಾಲ, ಗುಜರಾತಿನ ಕಡೆಯ ಹಳ್ಳಿ. ಸುಬೇದಾರನ ಕೆನ್ನೆಗೆ ಹೊಡೆದ ಸೋನ್‌ಬಾಯಿ ಮೆಣಸಿನ ಕಾರ್ಖಾನೆಯೊಳಗೆ ಓಡುತ್ತಾಳೆ. ಅವಳನ್ನು ಒಪ್ಪಿಸಿಬಿಡೋಣ ಅಂತ ಊರೇ ತೀರ್ಮಾನಿಸುತ್ತದೆ. ಮುದುಕ ಕಾವಲುಗಾರ ಅಬು ಮಿಯಾ ಮಾತ್ರ ಬಾಗಿಲು ತೆಗೆಯುವುದಿಲ್ಲ. ಕೊನೆಗೆ ಹೆಂಗಸರ ಕೈಯ ಅಸ್ತ್ರ ಏನು ಅಂತ ಹೆಸರಲ್ಲೇ ಉಂಟು. ಸ್ಮಿತಾ ಪಾಟೀಲ್ ಇದು ತೆರೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಬೀಡಿ ಕಟ್ಟುವ ಹೆಂಗಸರ ಒಂದು ಗುಂಪಿಗೆ ಇದನ್ನು ತೋರಿಸಿದ್ದೆ. ಚಪ್ಪಾಳೆ ಎಲ್ಲ ಮುಗಿದ ಮೇಲೆ ಒಬ್ಬರು ಕೇಳಿದರು: 'ಆ ಮುದುಕನಿಗೆ ಸಂಬಳ ಎಷ್ಟಿದ್ದಿರಬಹುದು?' ಅವರು ತಮಾಷೆ ಮಾಡಿದ್ದಲ್ಲ. ಬಾಗಿಲು ತೆಗೆಯದಿದ್ದರೆ ಕೆಲಸ ಹೋಗುತ್ತದೆ ಅನ್ನುವ ಲೆಕ್ಕ ಅವರಿಗೆ ಗೊತ್ತಿತ್ತು. ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

'ದಾಮಿನಿ' (1993), 'ಪಿಂಕ್' (2016) ತೋರಿಸಬಹುದಾ ಅಂದರೆ, ತೋರಿಸಿ. ಆದರೆ ಎರಡರಲ್ಲೂ ನೆನಪಿನಲ್ಲಿ ಉಳಿಯುವುದು ವಕೀಲ. ಸನ್ನಿ ಡಿಯೋಲ್ ಮೇಜು ಗುದ್ದುವುದು, ಅಮಿತಾಭ್ ಗಂಭೀರ ದನಿಯಲ್ಲಿ ವಾದಿಸುವುದು. ಹೆಣ್ಣು ಮಾತಾಡಿದ್ದನ್ನು ಗಂಡಸು ಇನ್ನೊಂದು ಸಲ ಜೋರಾಗಿ ಹೇಳಿದರೆ ಮಾತ್ರ ಕೇಳಿಸುತ್ತದೆ ಅನ್ನುವ ಅಭ್ಯಾಸ ಅದು. ಸಿನಿಮಾದ ಕೋರ್ಟನ್ನೂ ನಂಬಬೇಡಿ. ತುಂಬಿದ ಕೋರ್ಟಿನಲ್ಲಿ ಹುಡುಗಿಯನ್ನು ನಿಲ್ಲಿಸಿ 'ಆಮೇಲೆ ಏನು ಮಾಡಿದ' ಅಂತ ಕೇಳುವುದೆಲ್ಲ ಪರದೆಗೆ. ಅತ್ಯಾಚಾರದ ವಿಚಾರಣೆ ಮುಚ್ಚಿದ ಕೋರ್ಟಿನಲ್ಲೇ ನಡೆಯಬೇಕು, ಆಕೆಯ ಹೆಸರು ಹೊರಗೆ ಬರಬಾರದು. 'ಇದು ನಮ್ಮ ಠಾಣೆಗೆ ಬರುವುದಿಲ್ಲ' ಅಂತ ಪೊಲೀಸರು ಕಳಿಸುವ ಹಾಗೂ ಇಲ್ಲ, ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಮಾಡಲೇಬೇಕು. ಸಿನಿಮಾ ನೋಡಿ ಹೆದರಿ ದೂರು ಕೊಡದೇ ಇದ್ದವರನ್ನು ನಾನು ಕಂಡಿದ್ದೇನೆ, ಅದಕ್ಕೆ ಇಷ್ಟು ಹೇಳಿದ್ದು.

ಊರಿನ ಯುವಕ ಮಂಡಲದವರ ಜೊತೆ ಸೇರಿ ಒಂದು ಮಾಡುವುದಾದರೆ ಮಲಯಾಳಂನ 'ಆಟ್ಟಂ' (2023). ನಾಟಕ ತಂಡ, ಹನ್ನೆರಡು ಗಂಡಸರು, ಒಬ್ಬಳು ಹೆಣ್ಣು. ಅವಳಿಗೆ ತೊಂದರೆಯಾಗುತ್ತದೆ. ನ್ಯಾಯ ಮಾಡಲು ಕೂತ ಸಜ್ಜನರು ಒಬ್ಬೊಬ್ಬರಾಗಿ ಹೇಗೆ ಜಾರುತ್ತಾರೆ ಅನ್ನುವುದೇ ಕಥೆ. ಯಾರೂ ಖಳನಾಯಕನ ಹಾಗೆ ಕಾಣುವುದಿಲ್ಲ, ಎಲ್ಲರೂ ನಮ್ಮ ಪರಿಚಯದವರ ಹಾಗೆಯೇ. ಯುವಕರ ಜೊತೆ 'ಕಾಂತಾರ'ದ ಬಗ್ಗೆಯೂ ಮಾತಾಡಿ. ನಮ್ಮ ನೆಲದ ಸಿನಿಮಾ, ಎಲ್ಲರೂ ಹೆಮ್ಮೆಪಟ್ಟಿದ್ದೇವೆ, ನಾನೂ. ನಾಯಕ ಸೊಂಟ ಚಿವುಟಿದಾಗ ಥಿಯೇಟರಿನಲ್ಲಿ ಯಾಕೆ ನಗು ಬಂತು ಅಂತ ಕೇಳುವುದಕ್ಕೆ ಹೆಮ್ಮೆ ಅಡ್ಡ ಬರಬೇಕಾಗಿಲ್ಲ.

ಇದರಿಂದ ಏನಾದರೂ ಆಗುತ್ತದಾ ಅಂದಿರಿ. ಸಿನಿಮಾ ನೋಡಿ ಕಾನೂನು ಬದಲಾಗುವುದು ಅಪರೂಪ. 1983ರಲ್ಲಿ ಅತ್ಯಾಚಾರದ ಕಾನೂನು ಬದಲಾದದ್ದು, ಠಾಣೆಯಲ್ಲೇ ಮಥುರಾ ಎಂಬ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಆರೋಪದ ಪೊಲೀಸರನ್ನು ಬಿಟ್ಟುಬಿಟ್ಟ ತೀರ್ಪಿನ ವಿರುದ್ಧ ಹೆಂಗಸರು ಬೀದಿಗೆ ಇಳಿದದ್ದರಿಂದ. 2013ರಲ್ಲಿ ಬದಲಾದದ್ದು ನಿರ್ಭಯಾ ಪ್ರಕರಣದ ನಂತರದ ದೆಹಲಿಯ ಹೋರಾಟದಿಂದ, ಕಾನೂನು ಬದಲಾವಣೆಗೆ ಸಲಹೆ ಕೊಟ್ಟ ವರ್ಮಾ ಸಮಿತಿಯಿಂದ. ಸಿನಿಮಾ ಮಾಡುವವರ ಮನೆಯೂ ಅಷ್ಟು ಚೊಕ್ಕ ಇಲ್ಲ, ಮಲಯಾಳಂ ಚಿತ್ರರಂಗದ ಹೆಂಗಸರ ಪಾಡಿನ ಬಗ್ಗೆ 2024ರಲ್ಲಿ ಹೊರಬಂದ ಹೇಮಾ ಸಮಿತಿ ವರದಿ ಓದಿದರೆ ಗೊತ್ತಾಗುತ್ತದೆ. ಆದರೆ ಒಂದು ಆಗುವುದನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ಮೊದಲು 'ಆ ಹುಡುಗಿಗೆ ಹಾಗಾಯಿತಲ್ಲ' ಅನ್ನುತ್ತಾರೆ. ಎರಡನೇ ತಿಂಗಳು 'ನಮ್ಮ ಪಕ್ಕದ ಮನೆಯಲ್ಲಿ ಒಬ್ಬರಿಗೆ ಹೀಗೆ' ಅನ್ನುತ್ತಾರೆ. ನಾಲ್ಕನೆಯದೋ ಐದನೆಯದೋ ತಿಂಗಳು, ಎಲ್ಲರೂ ಚಪ್ಪಲಿ ಹಾಕುವಾಗ, ಒಬ್ಬರು ಹಿಂದೆ ಉಳಿಯುತ್ತಾರೆ. ಪಕ್ಕದ ಮನೆ ಯಾವುದು ಅಂತ ಆಗ ತಿಳಿಯುತ್ತದೆ.

ಆ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಾದರೂ ಇರಬೇಕು. 181 ಮಹಿಳಾ ಸಹಾಯವಾಣಿ, ಜೀವಕ್ಕೆ ಅಪಾಯ ಇದ್ದರೆ 112. ನೊಂದ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದ, ನಿಮ್ಮ ಜಿಲ್ಲೆಯ, ವಿಳಾಸ. ನಿಮ್ಮ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾಧಿಕಾರಿ ಅವರೇ. ನಿಮ್ಮ ಅಂಗನವಾಡಿಯವರಿಗೆ ಅವರ ಪರಿಚಯ ಇದ್ದೇ ಇರುತ್ತದೆ. ಕೇಳಿದ್ದನ್ನು ಮಂಡಲದ ವಾಟ್ಸಾಪ್ ಗುಂಪಿಗೆ ಹಾಕಬೇಡಿ, 'ಹೆಸರು ಹೇಳುವುದಿಲ್ಲ ಆದರೆ' ಅಂತಲೂ ಬೇಡ. ಊರಲ್ಲಿ ಹೆಸರು ಹೇಳಬೇಕಾಗಿಯೇ ಇಲ್ಲ.

ಉಳಿದದ್ದು ಸಣ್ಣಪುಟ್ಟ ವಿಷಯ. ಒಬ್ಬರು ಮೊದಲೇ ಪೂರ್ತಿ ಸಿನಿಮಾ ನೋಡಿರಲಿ. ಕಷ್ಟದ ದೃಶ್ಯ ಎಲ್ಲಿ ಬರುತ್ತದೆ ಅಂತ ಶುರುವಿಗೇ ಹೇಳಿ. 'ಎ' ಸರ್ಟಿಫಿಕೇಟ್ ಇದ್ದರೆ ಮಕ್ಕಳನ್ನು ಕೂರಿಸಬೇಡಿ. ಮನೆಯ ಓಟಿಟಿ ಖಾತೆ ಮನೆಯವರಿಗೆ ಮಾತ್ರ, ಹಾಲ್‌ನಲ್ಲಿ ತೋರಿಸಲು ಹಕ್ಕಿರುವವರ ಒಪ್ಪಿಗೆ ಕೇಳಿ. ಮಹಿಳಾ ಮಂಡಲ ಅಂತ ಬರೆದರೆ ಎಷ್ಟೋ ಜನ ಸಂತೋಷದಿಂದ ಕೊಡುತ್ತಾರೆ. ಮಲ್ಲಿಗೆಯವರು ಬೆಳಿಗ್ಗೆ ಹೂ ಕೊಯ್ದು, ಕಟ್ಟಿ, ಹೂ ಮಾರುವ ಕಟ್ಟೆಗೆ ಮುಟ್ಟಿಸಿ, ಊಟ ಮಾಡಿ ಬರಬೇಕು. ಮೂರು ಗಂಟೆಗೆ ಇಡಿ, ಬಸ್ಸಿಗೆ ತಡವಾಗದ ಹಾಗೆ ಮುಗಿಸಿ. ಚಹಾ, ಗೋಳಿಬಜೆ ಸಿನಿಮಾದ ಮೊದಲು ಬೇಡ, ಆಮೇಲೆ ಇರಲಿ. ಕೈಯಲ್ಲಿ ಲೋಟ ಇದ್ದರೆ ಮಾತು ಬರುತ್ತದೆ.

ಎದ್ದು ಹೋದವರ ಬಗ್ಗೆ. ಕರೆಯಿರಿ, ಆದರೆ ಸಿನಿಮಾಕ್ಕೆ ಅಲ್ಲ. ಮೊದಲು ಒಬ್ಬರೇ ಅವರ ಮನೆಗೆ ಹೋಗಿ ಬನ್ನಿ. 'ಅಕ್ಕ, ಅವತ್ತು ನಾವು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯಿತು' ಅನ್ನಿ. ಯಾಕೆ ಎದ್ದು ಹೋದಿರಿ ಅಂತ ಮಾತ್ರ ಕೇಳಬೇಡಿ. ಮುಂದಿನ ತಿಂಗಳು 'ಗುಲಾಬಿ ಟಾಕೀಸ್' ಇಟ್ಟುಕೊಳ್ಳಿ. ಬಾಗಿಲ ಹತ್ತಿರ ಒಂದು ಕುರ್ಚಿ ಖಾಲಿ ಬಿಡಿ. ಬಾಗಿಲಿಗೆ ಚಿಲಕ ಹಾಕಬೇಡಿ.